ಎಷ್ಟನೇ ಕೆಟಗರಿ ಎಂದು ಕೇಳುವ ಮೊದಲು: ಹರಿಕೇನ್ ಬರುವಾಗ ಕರಾವಳಿಯವರು ಯಾವುದಕ್ಕೆ ಅಂಜಬೇಕು?

2024ರ ಅಕ್ಟೋಬರ್ ಮೊದಲ ವಾರ. ಅಮೆರಿಕದ ಫ್ಲಾರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ, ಟಂಪಾ ಕೊಲ್ಲಿಯ ಸುತ್ತಲಿನ ಬೀದಿಗಳಲ್ಲಿ, ಉಪ್ಪುನೀರಿನಲ್ಲಿ ನೆನೆದ ಸೋಫಾ, ಹಾಸಿಗೆ, ಫ್ರಿಜ್, ಗೋಡೆಯ ಹಲಗೆಗಳು ರಾಶಿ ಬಿದ್ದಿದ್ದವು. ಸೆಪ್ಟೆಂಬರ್ 26ರಂದು ಅಪ್ಪಳಿಸಿದ ಹೆಲೀನ್ ಚಂಡಮಾರುತ ಮನೆಗಳಿಗೆ ನೀರು ನುಗ್ಗಿಸಿ ಹೋಗಿತ್ತು. ಆ ರಾಶಿಯನ್ನು ಎತ್ತಿ ಮುಗಿಯುವ ಮೊದಲೇ ಮೆಕ್ಸಿಕೋ ಕೊಲ್ಲಿಯಲ್ಲಿ ಮಿಲ್ಟನ್ ಹುಟ್ಟಿತು. ಅದರ ದಾರಿ ನೇರವಾಗಿ ಟಂಪಾ ಕಡೆಗೇ ಇತ್ತು.

ಇಂಥ ದಿನಗಳಲ್ಲಿ ಕರ್ನಾಟಕದಿಂದ ಅಲ್ಲಿರುವ ಮಕ್ಕಳಿಗೆ, ತಮ್ಮ ತಂಗಿಯರಿಗೆ ಹೋಗುವ ಫೋನುಗಳಲ್ಲಿ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಎಷ್ಟನೇ ಕೆಟಗರಿಯಂತೆ?" ಟಿವಿ ಪರದೆಯ ಮೇಲೆ ದೊಡ್ಡದಾಗಿ ಕಾಣುವುದು ಆ ಅಂಕಿಯೇ. ಐದು ಎಂದರೆ ಎದೆ ಧಸಕ್ಕೆನ್ನುತ್ತದೆ, ಮೂರಕ್ಕೆ ಇಳಿಯಿತೆಂದರೆ ನಿಟ್ಟುಸಿರು. ಆದರೆ ಹೆಲೀನ್ ಮತ್ತು ಮಿಲ್ಟನ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಆ ಅಂಕಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂದು ತಿಳಿಯುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ಬುಡದಿಂದ ಬರೋಣ.

ಹೆಸರು ಮೂರು, ಸುಳಿ ಒಂದೇ

ಹರಿಕೇನ್, ಟೈಫೂನ್, ಸೈಕ್ಲೋನ್ ಮೂರೂ ಒಂದೇ ಬಗೆಯ ಬಿರುಗಾಳಿ. ಅಟ್ಲಾಂಟಿಕ್ ಸಾಗರದಲ್ಲಿ ಮತ್ತು ಪೆಸಿಫಿಕ್‌ನ ಪೂರ್ವ ಭಾಗದಲ್ಲಿ ಎದ್ದರೆ ಹರಿಕೇನ್. ಜಪಾನ್, ಫಿಲಿಪ್ಪೀನ್ಸ್ ಕಡೆ ಟೈಫೂನ್. ಹಿಂದೂ ಮಹಾಸಾಗರದಲ್ಲಿ ಸೈಕ್ಲೋನ್. ಕನ್ನಡದಲ್ಲಿ ಎಲ್ಲಕ್ಕೂ ಚಂಡಮಾರುತವೇ. ನಮ್ಮ ಕರಾವಳಿಯ ಮೀನುಗಾರರು ತೂಫಾನು ಎನ್ನುವುದೂ ಇದನ್ನೇ.

ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಇದರ ಋತು. ಬಿರುಗಾಳಿಗಳಿಗೆ ಇಡುವ ಹೆಸರುಗಳ ಪಟ್ಟಿ ಮೊದಲೇ ಸಿದ್ಧವಿರುತ್ತದೆ, ಆರು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಬಹಳ ಹಾನಿ ಮಾಡಿದ ಹೆಸರನ್ನು ಮಾತ್ರ ಪಟ್ಟಿಯಿಂದ ಕಿತ್ತುಹಾಕುತ್ತಾರೆ. ಹೆಲೀನ್ ಮತ್ತು ಮಿಲ್ಟನ್ ಎರಡೂ ಹಾಗೆ ಹೊರಬಿದ್ದವು. ಮುಂದಿನ ಸುತ್ತಿನಲ್ಲಿ ಅವುಗಳ ಜಾಗದಲ್ಲಿ ಹಾಲಿ ಮತ್ತು ಮಿಗೆಲ್ ಇರುತ್ತವೆ.

ಇಡ್ಲಿ ಪಾತ್ರೆಯ ಹಬೆ

ಕುದಿಯುವ ನೀರು ಸಿಡಿದರೆ ಸುಡುತ್ತದೆ. ಆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಮುಂಗೈಗೆ ತಾಗಿದರೆ ಅದಕ್ಕಿಂತ ಜೋರಾಗಿ ಸುಡುತ್ತದೆ. ನೀರು ಹಬೆಯಾಗುವಾಗ ಒಲೆಯಿಂದ ಹೀರಿಕೊಂಡ ಶಾಖವನ್ನು ಬಚ್ಚಿಟ್ಟುಕೊಂಡಿರುತ್ತದೆ. ಕೈಗೆ ತಾಗಿ ಮತ್ತೆ ಹನಿಯಾಗುವಾಗ ಆ ಶಾಖವನ್ನೆಲ್ಲ ಅಲ್ಲೇ ಬಿಟ್ಟುಬಿಡುತ್ತದೆ. ಚಂಡಮಾರುತದ ಇಂಧನ ಇದೇ.

ಬಿಸಿಲಿಗೆ ಕಾದ ಕಡಲ ಮೇಲಿನ ನೀರು ಆವಿಯಾಗಿ ಮೇಲೇರುತ್ತದೆ, ಎತ್ತರದ ತಂಪಿನಲ್ಲಿ ಹನಿಗಟ್ಟಿ ಮೋಡವಾಗುತ್ತದೆ, ಬಚ್ಚಿಟ್ಟ ಶಾಖವನ್ನು ಸುತ್ತಲಿನ ಗಾಳಿಗೆ ಬಿಡುತ್ತದೆ. ಬಿಸಿಯಾದ ಗಾಳಿ ಇನ್ನೂ ಮೇಲಕ್ಕೆ ಓಡುತ್ತದೆ. ಕೆಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಹವಾಮಾನ ವರದಿಗಳಲ್ಲಿ ನಾವು ಓದುವ 'ವಾಯುಭಾರ ಕುಸಿತ' ಇದೇ. ಆ ತೆರವನ್ನು ತುಂಬಲು ಸುತ್ತಲಿಂದ ಮತ್ತಷ್ಟು ತೇವದ ಗಾಳಿ ಧಾವಿಸುತ್ತದೆ, ಅದೂ ಮೇಲೇರುತ್ತದೆ. ಹೀಗೆ ತನ್ನ ಒಲೆಯನ್ನು ತಾನೇ ಊದಿಕೊಳ್ಳುವ ಯಂತ್ರವೊಂದು ಕಡಲ ಮೇಲೆ ನಡೆಯತೊಡಗುತ್ತದೆ.

ಈ ಯಂತ್ರ ಹೊತ್ತಿಕೊಳ್ಳಲು ಕಡಲ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಅದೂ ಮೇಲ್ಮೈಯಲ್ಲಷ್ಟೇ ಅಲ್ಲ, ಹತ್ತಾರು ಮೀಟರ್ ಆಳದವರೆಗೆ. ಮೇಲಿನ ಗಾಳಿ ಕೆಳಗಿನ ಗಾಳಿಗೆ ಅಡ್ಡಡ್ಡ ಬೀಸುತ್ತಿರಬಾರದು. ಬೀಸಿದರೆ ಕಟ್ಟಿದ ಗೋಪುರ ಓರೆಯಾಗಿ ಚದುರುತ್ತದೆ. ಜೊತೆಗೆ ಭೂಮಿ ತಿರುಗುವುದರಿಂದ ಬರುವ ಒಂದು ತಿರುವು ಬೇಕು. ಉತ್ತರಾರ್ಧ ಗೋಳದಲ್ಲಿ ಆ ತಿರುವು ಗಾಳಿಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿಸುತ್ತದೆ. ಸಮಭಾಜಕ ರೇಖೆಯ ಪಕ್ಕದಲ್ಲಿ ತಿರುವು ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ಚಂಡಮಾರುತಗಳು ಏಳುವುದೂ ಬಲು ಅಪರೂಪ.

ನಡುವಿನ ಕಣ್ಣು ಪ್ರಶಾಂತವಾಗಿರುತ್ತದೆ. ಗಾಳಿ ನಿಂತು ನಕ್ಷತ್ರ ಕಂಡವೆಂದು ಹೊರಗೆ ಬಂದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕಣ್ಣನ್ನು ಸುತ್ತುವರಿದ ಮೋಡದ ಗೋಡೆಯಲ್ಲಿ ಅತಿ ಬಿರುಸಾದ ಗಾಳಿ ಇರುತ್ತದೆ. ಕಣ್ಣು ದಾಟಿದ ಕೂಡಲೇ ಆ ಗೋಡೆಯ ಇನ್ನೊಂದು ಬದಿ ಎದುರು ದಿಕ್ಕಿನಿಂದ ಬಂದು ಬಡಿಯುತ್ತದೆ.

ಒಂದು ಹಗಲು ಒಂದು ರಾತ್ರಿ

ಮಿಲ್ಟನ್ ಜನರನ್ನು ಅಷ್ಟು ಹೆದರಿಸಿದ್ದು ಅದು ಬೆಳೆದ ಪರಿಯಿಂದ. ಅಕ್ಟೋಬರ್ 5ರಂದು ಸಾಮಾನ್ಯ ಬಿರುಗಾಳಿಯಾಗಿ ಹೆಸರು ಪಡೆಯಿತು. 7ರಂದು ಗಂಟೆಗೆ 285 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಐದನೇ ಕೆಟಗರಿಯಲ್ಲಿತ್ತು. ಒಂದೇ ದಿನದ ಅವಧಿಯಲ್ಲಿ ಅದರ ಗಾಳಿಯ ವೇಗ ಗಂಟೆಗೆ ಸುಮಾರು 150 ಕಿಲೋಮೀಟರ್‌ನಷ್ಟು ಏರಿತು. 24 ಗಂಟೆಗಳಲ್ಲಿ 55 ಕಿಲೋಮೀಟರ್ ಏರಿದರೇ ತಜ್ಞರು ಅದನ್ನು 'ಕ್ಷಿಪ್ರ ಬಲವರ್ಧನೆ' ಎನ್ನುತ್ತಾರೆ. ಆ ಲೆಕ್ಕದಲ್ಲಿ ಇದು ಎರಡೂವರೆ ಪಟ್ಟಿಗೂ ಹೆಚ್ಚು.

ಕಾರಣ ಎರಡು. ಮೆಕ್ಸಿಕೋ ಕೊಲ್ಲಿಯ ನೀರು ಆಗ 30 ಡಿಗ್ರಿಯ ಆಸುಪಾಸಿನಲ್ಲಿತ್ತು. ಮತ್ತು ಮಿಲ್ಟನ್ನಿನ ಕಣ್ಣು ಬಹಳ ಚಿಕ್ಕದು, ಉತ್ತುಂಗದಲ್ಲಿ ಅಡ್ಡಗಲ ಏಳೆಂಟು ಕಿಲೋಮೀಟರ್ ಮಾತ್ರ. ತಿರುಗುವ ಕುರ್ಚಿಯಲ್ಲಿ ಕೈಚಾಚಿ ಕುಳಿತ ಮಗು ಕೈಗಳನ್ನು ಎದೆಗೆ ಮಡಚಿಕೊಂಡ ಕೂಡಲೇ ಗಿರಗಿರನೆ ವೇಗ ಪಡೆಯುವಂತೆ, ಸುಳಿ ಒಳಕ್ಕೆ ಕುಗ್ಗಿದಷ್ಟೂ ಗಾಳಿ ಜೋರಾಗುತ್ತದೆ. ಹಾಗೆಂದು ಕಣ್ಣು ದೊಡ್ಡದಾದರೆ ನಿರಾಳವಾಗುವಂತಿಲ್ಲ. ಕೈ ಚಾಚಿದ ಮಗುವಿನಂತೆ ಅದು ನಿಧಾನವಾದರೂ ಹೆಚ್ಚು ಜಾಗ ಸವರುತ್ತದೆ. ಮಿಲ್ಟನ್ ಕರಾವಳಿಗೆ ಹತ್ತಿರವಾದಾಗ ಆದದ್ದೂ ಅದೇ: ಗಾಳಿಯ ವೇಗ ಇಳಿಯಿತು, ಹರವು ಹೆಚ್ಚಿತು.

ಇದೆಲ್ಲ ತಿಳಿಯುವುದು ಹೇಗೆ? ಉಪಗ್ರಹಗಳಿವೆ, ಆದರೆ ಅಷ್ಟರಿಂದಲೇ ಆಗುವುದಿಲ್ಲ. ಅಮೆರಿಕದ ವಾಯುಪಡೆಯ ಮೀಸಲು ದಳ ಮತ್ತು ಅಲ್ಲಿನ ಸಾಗರ ಹಾಗೂ ವಾಯುಮಂಡಲ ಸಂಸ್ಥೆಯ ವಿಮಾನಗಳು ಚಂಡಮಾರುತದ ಒಳಗೇ ಹಾರಿಹೋಗುತ್ತವೆ. ಪುಟ್ಟ ಪ್ಯಾರಾಶೂಟ್ ಕಟ್ಟಿದ ಉಪಕರಣಗಳನ್ನು ಕೆಳಕ್ಕೆ ಬಿಡುತ್ತವೆ; ಅವು ಬೀಳುತ್ತಾ ಒತ್ತಡ, ತೇವ, ಗಾಳಿಯ ವೇಗವನ್ನು ರೇಡಿಯೊ ಮೂಲಕ ಕಳುಹಿಸುತ್ತವೆ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಇದನ್ನೆಲ್ಲ ಜೋಡಿಸಿ ಆರು ಗಂಟೆಗೊಮ್ಮೆ ಪೂರ್ಣ ಪ್ರಕಟಣೆ ಹೊರಡಿಸುತ್ತದೆ. ತೀರ ಹತ್ತಿರವಾದಾಗ ಮೂರು ಗಂಟೆಗೊಮ್ಮೆ ಮಧ್ಯಂತರ ಮಾಹಿತಿ ಬರುತ್ತದೆ.

ಕೆಟಗರಿ ಹೇಳುವುದು ಗಾಳಿಯ ಮಾತು ಮಾತ್ರ

ಒಂದರಿಂದ ಐದರವರೆಗಿನ ಈ ಅಳತೆಗೋಲಿನ ಹೆಸರು ಸಫೀರ್–ಸಿಂಪ್ಸನ್. ಹರ್ಬರ್ಟ್ ಸಫೀರ್ ಎಂಬ ಎಂಜಿನಿಯರ್ ಮತ್ತು ಹರಿಕೇನ್ ಕೇಂದ್ರದ ಮುಖ್ಯಸ್ಥರಾಗಿದ್ದ ರಾಬರ್ಟ್ ಸಿಂಪ್ಸನ್ 1970ರ ದಶಕದ ಆರಂಭದಲ್ಲಿ ರೂಪಿಸಿದ್ದು. ಗಾಳಿ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಒಂದನೇ ಕೆಟಗರಿ, 154ಕ್ಕೆ ಎರಡು, 178ಕ್ಕೆ ಮೂರು, 209ಕ್ಕೆ ನಾಲ್ಕು, 252 ದಾಟಿದರೆ ಐದು. ಮೂರರಿಂದ ಮೇಲಿನವನ್ನು 'ದೊಡ್ಡ ಹರಿಕೇನ್' ಎಂದು ಕರೆಯುತ್ತಾರೆ.

ವೇಗ ಇಮ್ಮಡಿಯಾದರೆ ಗೋಡೆಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಒಂದನೇ ಕೆಟಗರಿಗೂ ನಾಲ್ಕಕ್ಕೂ ನಡುವಿನ ಅಂತರ ಅಂಕಿಯಲ್ಲಿ ಕಾಣುವುದಕ್ಕಿಂತ ಬಹಳ ದೊಡ್ಡದು. ಇದು ಅಳತೆಗೋಲಿನ ಉಪಯೋಗ.

ಮಿತಿ ಏನೆಂದರೆ, ಇದು ಅಳೆಯುವುದು ಕಣ್ಣಿನ ಸುತ್ತಲಿನ ಅತಿ ಜೋರಿನ ಗಾಳಿಯನ್ನು ಮಾತ್ರ. ಕಡಲು ಎಷ್ಟು ಉಕ್ಕುತ್ತದೆ, ಮಳೆ ಎಷ್ಟು ಸುರಿಯುತ್ತದೆ, ಬಿರುಗಾಳಿ ಎಷ್ಟು ಅಗಲವಿದೆ, ಯಾವುದೂ ಇದರಲ್ಲಿಲ್ಲ. ಹಿಂದೆ ಈ ಪಟ್ಟಿಯ ಪಕ್ಕದಲ್ಲಿ ಕಡಲು ಎಷ್ಟು ಅಡಿ ಏರಬಹುದೆಂಬ ಅಂದಾಜೂ ಇರುತ್ತಿತ್ತು. ಅದು ದಾರಿ ತಪ್ಪಿಸುತ್ತದೆಂದು 2010ರಲ್ಲಿ ತೆಗೆದುಹಾಕಿದರು. ಜನರ ತಲೆಯಿಂದ ಅದು ಇನ್ನೂ ಹೋಗಿಲ್ಲ.

1963ರಿಂದ 2012ರವರೆಗಿನ ಅರ್ಧ ಶತಮಾನದಲ್ಲಿ ಅಟ್ಲಾಂಟಿಕ್ ಚಂಡಮಾರುತಗಳು ಅಮೆರಿಕದಲ್ಲಿ ನೇರವಾಗಿ ಬಲಿ ಪಡೆದವರ ಲೆಕ್ಕ ತೆಗೆದಾಗ, ಹತ್ತರಲ್ಲಿ ಸುಮಾರು ಒಂಬತ್ತು ಸಾವುಗಳಿಗೆ ನೀರು ಕಾರಣವಾಗಿತ್ತು. ಅವುಗಳಲ್ಲಿ ದೊಡ್ಡ ಪಾಲು ಉಕ್ಕಿ ಬಂದ ಕಡಲಿನದು.

ಬಸಿಯಲ್ಲಿ ಚಹಾ ಊದಿದ ಹಾಗೆ

ಬಿಸಿ ಚಹಾವನ್ನು ಬಸಿಗೆ ಸುರಿದು ಊದಿ ಕುಡಿಯುವವರನ್ನು ನೋಡಿರುತ್ತೀರಿ. ಒಂದು ಬದಿಯಿಂದ ಜೋರಾಗಿ ಊದಿದರೆ ಚಹಾ ಎದುರು ಅಂಚಿಗೆ ಹೋಗಿ ಏರುತ್ತದೆ, ಸ್ವಲ್ಪ ತುಳುಕುತ್ತದೆ. ಊದುವವರ ಬದಿಯಲ್ಲಿ ಬಸಿಯ ತಳವೇ ಕಾಣುತ್ತದೆ. ಚಂಡಮಾರುತದ ಉಬ್ಬರ ಎಂದರೆ ಇಷ್ಟೇ. ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಬೀಸುವ ಗಾಳಿ ಕಡಲನ್ನು ದಡದ ಕಡೆಗೆ ತಳ್ಳಿ ಗುಡ್ಡೆ ಹಾಕುತ್ತದೆ. ವಾಯುಭಾರ ಕುಸಿದಿರುವುದರಿಂದಲೂ ನೀರು ಸ್ವಲ್ಪ ಮೇಲೇಳುತ್ತದೆ, ಆದರೆ ಮುಖ್ಯ ಪಾಲು ತಳ್ಳುವ ಗಾಳಿಯದು.

ಇದು ಅಲೆಯಲ್ಲ. ಅಲೆ ಬಂದು ಹೋಗುತ್ತದೆ. ಇಲ್ಲಿ ಕಡಲ ಮಟ್ಟವೇ ಏರಿ ತಾಸುಗಟ್ಟಲೆ ಊರೊಳಗೆ ಕೂರುತ್ತದೆ, ಅದರ ಮೇಲೆ ಅಲೆಗಳು ಬೇರೆ. ದಿನನಿತ್ಯದ ಉಬ್ಬರದ ವೇಳೆಗೇ ಇದು ಬಂದರೆ ಎರಡೂ ಕೂಡಿಕೊಳ್ಳುತ್ತವೆ. ಒಂದು ಘನ ಮೀಟರ್ ಕಡಲ ನೀರಿನ ತೂಕ ಒಂದು ಟನ್ನಿಗಿಂತ ಹೆಚ್ಚು. ಅಂಥ ನೀರು ನೂರಾರು ಟನ್ನು ಸೇರಿ ನೂಕಿದರೆ ಗಾಳಿಗೆ ಜಗ್ಗದ ಮನೆಯೂ ಬುಡ ಬಿಡುತ್ತದೆ.

ಅದೇ ಚಹಾವನ್ನು ಆಳವಾದ ಲೋಟದಲ್ಲಿ ಊದಿದರೆ ಅಷ್ಟೇನೂ ಏರುವುದಿಲ್ಲ, ಏಕೆಂದರೆ ಮೇಲೆ ತಳ್ಳಿದ್ದು ಕೆಳಗಿನಿಂದ ಮರಳಿ ಬರುತ್ತದೆ. ಆಳದ ಕಡಲು ಲೋಟದಂತೆ, ಆಳವಿಲ್ಲದ ಕಡಲು ಬಸಿಯಂತೆ. ಫ್ಲಾರಿಡಾದ ಪಶ್ಚಿಮ ಕರಾವಳಿಯ ಮುಂದೆ ಕಡಲತಳ ಬಹಳ ದೂರದವರೆಗೆ ತೆಳ್ಳಗೆ, ನಿಧಾನವಾಗಿ ಇಳಿಯುತ್ತದೆ. ತಳ್ಳಿದ ನೀರಿಗೆ ಹಿಂದಿರುಗಲು ದಾರಿಯಿಲ್ಲ, ದಡ ಹತ್ತಬೇಕು. ಬಂಗಾಳ ಕೊಲ್ಲಿಯ ಉತ್ತರ ತುದಿಯೂ ಇಂಥದ್ದೇ. 1970ರ ನವೆಂಬರಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನದಲ್ಲಿ, ಇಂದಿನ ಬಾಂಗ್ಲಾದೇಶದಲ್ಲಿ, ಭೋಲಾ ಚಂಡಮಾರುತ ಕನಿಷ್ಠ ಮೂರು ಲಕ್ಷ ಜನರನ್ನು ಕೊಂದದ್ದು ಮುಖ್ಯವಾಗಿ ಕಡಲನ್ನು ಊರುಗಳ ಮೇಲೆ ಹತ್ತಿಸಿ.

ಈಗ ಟಂಪಾಗೆ ಮರಳೋಣ. ಸುಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಪಶ್ಚಿಮದಿಂದ ಬಂದು ಪೂರ್ವಕ್ಕೆ ನೆಲ ಹತ್ತುವ ಚಂಡಮಾರುತದ ದಕ್ಷಿಣ ಬದಿಯಲ್ಲಿ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಉತ್ತರ ಬದಿಯಲ್ಲಿ ನೆಲದಿಂದ ಕಡಲಿಗೆ. ಅಂದರೆ ಕಣ್ಣು ನಿಮ್ಮ ಊರಿನ ಉತ್ತರಕ್ಕೆ ದಾಟಿದರೆ ಕಡಲು ಮನೆಯೊಳಗೆ ಬರುತ್ತದೆ, ದಕ್ಷಿಣಕ್ಕೆ ದಾಟಿದರೆ ಕಡಲು ಹಿಂದೆ ಸರಿಯುತ್ತದೆ.

ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಮೂರನೇ ಕೆಟಗರಿಯಲ್ಲಿ ಸರಸೋಟ ಬಳಿಯ ಸಿಯೆಸ್ಟಾ ಕೀ ದ್ವೀಪದಲ್ಲಿ ನೆಲ ಮುಟ್ಟಿತು, ಟಂಪಾ ನಗರದಿಂದ ಸುಮಾರು 75 ಕಿಲೋಮೀಟರ್ ದಕ್ಷಿಣಕ್ಕೆ. ಬೆಂಗಳೂರಿನಿಂದ ತುಮಕೂರಿಗಿರುವಷ್ಟು ದೂರ. ಅಷ್ಟರಿಂದಲೇ ಎಲ್ಲ ತಿರುಗುಮುರುಗಾಯಿತು. ಊರು ಮುಳುಗಬಹುದೆಂದು ಕಾದಿದ್ದ ಟಂಪಾ ಕೊಲ್ಲಿಯಲ್ಲಿ ನೀರು ಮಾಮೂಲಿ ಮಟ್ಟಕ್ಕಿಂತ ಮೀಟರಿಗೂ ಹೆಚ್ಚು ಕೆಳಗಿಳಿದು ತಳದ ಕೆಸರು ಕಂಡಿತು, ಬಸಿಯಲ್ಲಿ ಊದುವವರ ಬದಿಯಂತೆ. ದಕ್ಷಿಣದ ಊರುಗಳಿಗೆ ಕಡಲು ನುಗ್ಗಿತು.

ಎರಡು ವಾರ ಹಿಂದಿನ ಹೆಲೀನ್ ಕಥೆ ಇದಕ್ಕೆ ವಿರುದ್ಧ. ಅದು ಟಂಪಾಕ್ಕೆ ಬರಲೇ ಇಲ್ಲ. ಸುಮಾರು 200 ಕಿಲೋಮೀಟರ್ ದೂರದ ಕಡಲಲ್ಲಿ ಉತ್ತರಕ್ಕೆ ಸಾಗಿ, ಫ್ಲಾರಿಡಾದ ಉತ್ತರ ಮೂಲೆಯಲ್ಲಿ, ಪೆರಿ ಎಂಬ ಊರಿನ ಬಳಿ ನಾಲ್ಕನೇ ಕೆಟಗರಿಯಲ್ಲಿ ಅಪ್ಪಳಿಸಿತು. ಟಂಪಾದಲ್ಲಿ ಬೀಸಿದ ಗಾಳಿ ಮನೆಗಳನ್ನು ಉರುಳಿಸುವಂಥದ್ದಲ್ಲ. ಆದರೆ ಬಿರುಗಾಳಿ ಅಗಲವಾಗಿತ್ತು, ಟಂಪಾ ಅದರ ಬಲಬದಿಯಲ್ಲಿತ್ತು, ಅಂದರೆ ಗಾಳಿ ಕಡಲನ್ನು ದಡಕ್ಕೆ ತಳ್ಳುವ ಬದಿಯಲ್ಲಿ. ಕೊಲ್ಲಿಯ ನೀರು ಎರಡು ಮೀಟರಿನ ಆಸುಪಾಸು ಏರಿ ಅಲ್ಲಿನ ಮಾಪಕಗಳ ದಾಖಲೆ ಮುರಿಯಿತು. ಕೊಲ್ಲಿಯ ಸುತ್ತಮುತ್ತ ಹತ್ತಕ್ಕೂ ಹೆಚ್ಚು ಜನ ಸತ್ತರು.

ದೂರ ಹೋದದ್ದು ಮುಳುಗಿಸಿತು, ಹತ್ತಿರ ಬಂದದ್ದು ಕೊಲ್ಲಿಯನ್ನು ಬರಿದು ಮಾಡಿತು. ಎಷ್ಟನೇ ಕೆಟಗರಿ ಎಂಬ ಪ್ರಶ್ನೆ ಇವೆರಡರಲ್ಲಿ ಒಂದನ್ನೂ ಹೇಳುತ್ತಿರಲಿಲ್ಲ.

ನಕ್ಷೆಯ ಮೇಲಿನ ಬಿಳಿ ಕೋನ್

ಹಾಗಾದರೆ 75 ಕಿಲೋಮೀಟರ್ ಆಚೀಚೆ ಎಂದು ಮೊದಲೇ ಹೇಳಬಾರದಿತ್ತೇ? ಚಂಡಮಾರುತಕ್ಕೆ ಸ್ವಂತ ದಾರಿಯಿಲ್ಲ. ಹೊಳೆಯಲ್ಲಿ ತೇಲುವ ಸುಳಿಯಂತೆ, ಸುತ್ತಲಿನ ದೊಡ್ಡ ಗಾಳಿಯ ಹರಿವು ಅದನ್ನು ಒಯ್ಯುತ್ತದೆ. ಆ ಹರಿವು ನಾಳೆ ಹೇಗಿರುತ್ತದೆಂಬುದೇ ಒಂದು ಮುನ್ಸೂಚನೆ.

ಚಂಡಮಾರುತ ಈಗಿರುವ ಜಾಗದಿಂದ ಮುಂದಿನ ದಾರಿಯತ್ತ ಅಗಲವಾಗುತ್ತಾ ಹೋಗುವಂತೆ ಟಿವಿಯಲ್ಲಿ ತೋರಿಸುವ ಕೋನ್ ಅರ್ಥವಾಗಬೇಕಾದರೆ ಮೇಯಲು ಬಿಟ್ಟ ಎಮ್ಮೆಯನ್ನು ನೆನೆಯಿರಿ. ಬಿಟ್ಟ ಹತ್ತು ನಿಮಿಷಕ್ಕೆ ಅದು ಹಿತ್ತಲ ಹಿಂದೆಯೇ ಇರುತ್ತದೆ. ಒಂದು ತಾಸಿಗೆ ಕೆರೆಯ ದಾರಿಯಲ್ಲಿ ಎಲ್ಲೋ. ಸಂಜೆಯ ಹೊತ್ತಿಗೆ ಕೆರೆಯಲ್ಲೂ ಇರಬಹುದು, ಪಕ್ಕದೂರಿನ ಗದ್ದೆಯಲ್ಲೂ ಇರಬಹುದು. ಹೊತ್ತು ಹೋದಷ್ಟೂ ಹುಡುಕಬೇಕಾದ ಜಾಗ ಅಗಲವಾಗುತ್ತದೆ. ಕೋನ್ ತುದಿಗೆ ಹೋದಂತೆ ಅಗಲವಾಗುವುದು ಇದಕ್ಕೇ. ಹಿಂದಿನ ಐದು ವರ್ಷಗಳಲ್ಲಿ ಮುನ್ಸೂಚನೆ ಎಷ್ಟು ತಪ್ಪಿತ್ತೋ ಅದರ ಆಧಾರದ ಮೇಲೆ ಆ ಅಗಲ ನಿಗದಿಯಾಗುತ್ತದೆ. ಮೂರು ಬಾರಿಗೆ ಎರಡು ಬಾರಿ ಕಣ್ಣು ಅದರೊಳಗೆ ಉಳಿಯುತ್ತದೆ. ಉಳಿದ ಒಂದು ಬಾರಿ ಹೊರಗೆ ಹೋಗುತ್ತದೆ.

ಮುಖ್ಯ ತಪ್ಪು ತಿಳಿವಳಿಕೆ ಇಲ್ಲಿದೆ. ಕೋನಿನ ಅಗಲ ಎಮ್ಮೆಯ ಗಾತ್ರವಲ್ಲ. ಅದು ಕಣ್ಣು ಎಲ್ಲಿರಬಹುದೆಂದು ಹೇಳುತ್ತದೆಯೇ ಹೊರತು ಹಾನಿ ಎಲ್ಲಿಯವರೆಗೆ ಎಂದಲ್ಲ. ನಡುವಿನ ಗೆರೆ ದಾರಿಯೂ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಬಂದಾಗ ಎಲ್ಲರ ಗಮನ ಟಂಪಾ ಮೇಲಿತ್ತು. ಅದರ ದಕ್ಷಿಣಕ್ಕಿರುವ ಫೋರ್ಟ್ ಮಯರ್ಸ್ ಕಡೆಯ ಕರಾವಳಿ ಕೋನಿನ ಅಂಚಿನಲ್ಲಿತ್ತು. ಕೊನೆಗೆ ಕಣ್ಣು ನೆಲ ಹತ್ತಿದ್ದು ಅದೇ ಅಂಚಿನಲ್ಲಿ. ಫೋರ್ಟ್ ಮಯರ್ಸ್ ಬೀಚ್‌ನಲ್ಲಿ ನೀರು 3ರಿಂದ 4.5 ಮೀಟರ್ ಎತ್ತರಕ್ಕೆ ಬಂತು. ತೆರವಿನ ಆದೇಶ ಅಲ್ಲಿ ಹೊರಬಿದ್ದದ್ದು ಹಿಂದಿನ ದಿನವಷ್ಟೇ.

ಎಚ್ಚರಿಕೆಯ ಎರಡು ಪದಗಳನ್ನೂ ಬಿಡಿಸಿಕೊಳ್ಳಬೇಕು. 'ವಾಚ್' ಎಂದರೆ ಅಂಥ ಗಾಳಿ ಬರುವ ಸಾಧ್ಯತೆ ಇದೆ ಎಂದು, ಸಾಮಾನ್ಯವಾಗಿ 48 ಗಂಟೆ ಮೊದಲು. 'ವಾರ್ನಿಂಗ್' ಎಂದರೆ ಬರುವ ನಿರೀಕ್ಷೆ ಇದೆ ಎಂದು, 36 ಗಂಟೆ ಮೊದಲು. ಈ ಗಂಟೆಗಳ ಎಣಿಕೆ ಕಣ್ಣು ಬರುವವರೆಗಲ್ಲ, ಕಿಟಕಿಗೆ ಹಲಗೆ ಬಡಿಯಲೂ ಆಗದಂಥ ಗಾಳಿ ಶುರುವಾಗುವವರೆಗೆ. ಉಕ್ಕುವ ಕಡಲಿಗೆ ಬೇರೆಯೇ ವಾಚ್, ವಾರ್ನಿಂಗ್ ಇವೆ. ಗಾಳಿಯದ್ದಕ್ಕಿಂತ ಇದನ್ನು ಮೊದಲು ಓದುವುದು ಲೇಸು.

ಹೊರಡುವುದೋ, ಉಳಿಯುವುದೋ

ಫ್ಲಾರಿಡಾದ ಕರಾವಳಿ ಕೌಂಟಿಗಳನ್ನು ಎ, ಬಿ, ಸಿ ಎಂದು ತೆರವಿನ ವಲಯಗಳಾಗಿ ವಿಂಗಡಿಸಿದ್ದಾರೆ. ಕಡಲು ಉಕ್ಕಿದರೆ ಮೊದಲು ಮುಳುಗುವುದು ಎ. ಈ ವಿಂಗಡಣೆ ಗಾಳಿಯದ್ದಲ್ಲ, ನೀರಿನದು. ಪಕ್ಕದ ಬೀದಿಯವರು ಸಿ ವಲಯದಲ್ಲಿದ್ದು ನೀವು ಎ ವಲಯದಲ್ಲಿರಬಹುದು. ನಡುವೆ ಕಣ್ಣಿಗೆ ಕಾಣದ ಎರಡು ಮೀಟರ್ ಏರು ಇರುತ್ತದೆ ಅಷ್ಟೇ. ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿಮ್ಮ ಮನೆ ಯಾವ ವಲಯದಲ್ಲಿದೆ?

ನೀರಿನಿಂದ ಓಡು, ಗಾಳಿಗೆ ಅವಿತುಕೋ ಎಂಬ ಅರ್ಥದ ಮಾತೊಂದು ಅಲ್ಲಿನ ವಿಪತ್ತು ನಿರ್ವಹಣೆಯವರ ಬಾಯಲ್ಲಿದೆ. ವಲಯದ ಹೊರಗೆ, ಗಟ್ಟಿಯಾದ ಮನೆಯಲ್ಲಿ ಇರುವವರು ಅಲ್ಲೇ ಇದ್ದು ರಸ್ತೆಯನ್ನು ಇತರರಿಗೆ ಬಿಡುವುದೇ ಒಳ್ಳೆಯದು. ಮೊಬೈಲ್ ಹೋಮ್ ಎನ್ನುವ ಹಗುರ ಮನೆಗಳಲ್ಲಿ ಇರುವವರಿಗೆ ಮಾತ್ರ ಗಾಳಿಯೂ ಶತ್ರುವೇ. ಅವರು ವಲಯ ಯಾವುದಿದ್ದರೂ ಹೊರಡಬೇಕು. ಮಿಲ್ಟನ್ ಬರುವ ಮುನ್ನ ಉತ್ತರದ ಹೆದ್ದಾರಿಗಳಲ್ಲಿ ಕಾರುಗಳು ಆಮೆಯಂತೆ ತೆವಳಿದವು, ಪೆಟ್ರೋಲ್ ಬಂಕುಗಳು ಖಾಲಿಯಾದವು. ಅಷ್ಟು ದೂರ ಹೋಗುವ ಅಗತ್ಯ ಎಲ್ಲರಿಗೂ ಇರಲಿಲ್ಲ. ವಲಯದಿಂದ ಹೊರಗಿನ ಸ್ನೇಹಿತರ ಮನೆ ಅಥವಾ ಆಶ್ರಯ ಕೇಂದ್ರವಾದ ಶಾಲೆ ಹತ್ತಿಪ್ಪತ್ತು ಮೈಲಿಯೊಳಗೆ ಸಿಗುತ್ತದೆ.

ಜನ ಹೊರಡುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬರುವ ಮುನ್ನ ಸುಮಾರು ಹತ್ತು ಲಕ್ಷ ಜನರನ್ನು ಸಾಗಿಸಿದರು. ಸತ್ತವರ ಸಂಖ್ಯೆ ಐವತ್ತನ್ನೂ ಮುಟ್ಟಲಿಲ್ಲ.

ಮನೆ ಒಡೆಯುವುದು ಹೇಗೆ

ಗಾಳಿ ಛಾವಣಿಯನ್ನು ಮೇಲಿಂದ ಅದುಮುವುದಿಲ್ಲ, ಮೇಲಕ್ಕೆ ಎಳೆಯುತ್ತದೆ. ಒಂದು ಕಿಟಕಿಯೋ ಗ್ಯಾರೇಜಿನ ಅಗಲ ಬಾಗಿಲೋ ಒಡೆದು ಗಾಳಿ ಒಳನುಗ್ಗಿದರೆ ಒಳಗಿನಿಂದಲೂ ಛಾವಣಿಯನ್ನು ಮೇಲಕ್ಕೆ ನೂಕುತ್ತದೆ. ಎರಡೂ ಸೇರಿದರೆ ಛಾವಣಿ ಹಾರುತ್ತದೆ, ಅದಿಲ್ಲದ ಗೋಡೆ ಬೀಳುತ್ತದೆ. ಒತ್ತಡ ಸರಿಹೋಗಲೆಂದು ಕಿಟಕಿ ತೆರೆದಿಡಬೇಕೆಂಬ ಹಳೆಯ ಸಲಹೆ ಅದಕ್ಕೇ ಅಪಾಯಕಾರಿ. ಗಾಜಿಗೆ ಟೇಪು ಅಂಟಿಸುವುದರಿಂದಲೂ ಪ್ರಯೋಜನವಿಲ್ಲ. ಬೇಕಾದದ್ದು ಲೋಹದ ಕಿಟಕಿ ಕವಚ ಅಥವಾ ದಪ್ಪ ಪ್ಲೈವುಡ್. 1992ರಲ್ಲಿ ಆಂಡ್ರೂ ಚಂಡಮಾರುತ ದಕ್ಷಿಣ ಫ್ಲಾರಿಡಾದ ಸಾವಿರಾರು ಮನೆಗಳನ್ನು ಚಿಂದಿ ಮಾಡಿದ ಮೇಲೆ ಅಲ್ಲಿ ಕಟ್ಟಡ ನಿಯಮ ಬಿಗಿಯಾಯಿತು. 2002ರಿಂದ ಇಡೀ ರಾಜ್ಯಕ್ಕೆ ಒಂದೇ ನಿಯಮ ಜಾರಿಗೆ ಬಂತು. ಮನೆ ಕಟ್ಟಿದ ವರ್ಷ ಕೇಳಿದರೆ ಅದರ ತಾಕತ್ತಿನ ಅರ್ಧ ಉತ್ತರ ಸಿಗುತ್ತದೆ.

ಕಡಲಿನಿಂದ ದೂರವಿದ್ದವರಿಗೆ

ನೆಲ ಹತ್ತಿದ ಚಂಡಮಾರುತಕ್ಕೆ ಬೆಚ್ಚನೆಯ ನೀರು ಸಿಗದೆ ಗಾಳಿ ಕುಗ್ಗುತ್ತದೆ. ಹೊತ್ತು ತಂದ ತೇವ ಎಲ್ಲಿಯೂ ಹೋಗಿರುವುದಿಲ್ಲ. ಹೆಲೀನ್ ಒಟ್ಟು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಅತಿ ಹೆಚ್ಚು ಸಾವು ಸಂಭವಿಸಿದ್ದು ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ, ಬಹುಪಾಲು ಅದರ ಬೆಟ್ಟಗಾಡಿನ ಪಶ್ಚಿಮ ಭಾಗದಲ್ಲಿ, ಪ್ರವಾಹ ಮತ್ತು ಭೂಕುಸಿತಗಳಿಂದ. ಬೆಟ್ಟಕ್ಕೆ ಮೋಡ ತಾಗಿ ಸುರಿದರೆ ಏನಾಗುತ್ತದೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಿಲ್ಟನ್ ದಿನ ಟಂಪಾ ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 450 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು, ಬೆಂಗಳೂರಿನ ಇಡೀ ವರ್ಷದ ಮಳೆಯ ಅರ್ಧದ ಸಮೀಪ. ಅಲ್ಲಿನ ಬೇಸ್‌ಬಾಲ್ ಕ್ರೀಡಾಂಗಣದ ಬಟ್ಟೆಯ ಛಾವಣಿ ಹರಿದು ಚೂರುಚೂರಾಯಿತು. ಕಣ್ಣು ನೆಲ ಮುಟ್ಟುವ ಗಂಟೆಗಳ ಮೊದಲೇ, ರಾಜ್ಯದ ಇನ್ನೊಂದು ಬದಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿ ಬಡಿದು ಹಿರಿಯ ನಾಗರಿಕರ ಬಡಾವಣೆಯೊಂದರಲ್ಲಿ ಆರು ಮಂದಿ ಸತ್ತರು. ಚಂಡಮಾರುತದ ಹೊರ ತೋಳುಗಳಲ್ಲಿ ಇಂಥ ಚಿಕ್ಕ, ಉಗ್ರ ಸುಂಟರಗಾಳಿಗಳು ಹುಟ್ಟುತ್ತವೆ. ಯಾವ ಕೋನೂ ಅವುಗಳನ್ನು ತೋರಿಸುವುದಿಲ್ಲ.

ಹವಾಮಾನ ಬದಲಾವಣೆಯ ಪಾತ್ರ ಏನು? ಚಂಡಮಾರುತಗಳ ಒಟ್ಟು ಸಂಖ್ಯೆ ಹೆಚ್ಚುತ್ತದೆಂದು ವಿಜ್ಞಾನಿಗಳು ಖಚಿತವಾಗಿ ಹೇಳುತ್ತಿಲ್ಲ. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು, ಹಾಗಾಗಿ ಮಳೆ ಹೆಚ್ಚು. ಕಡಲ ಮಟ್ಟವೇ ಮೇಲೇರಿರುವುದರಿಂದ ಉಬ್ಬರ ಏರುವುದು ಹಿಂದಿಗಿಂತ ಎತ್ತರದ ಮೆಟ್ಟಿಲಿನಿಂದ. ಹುಟ್ಟಿದವುಗಳಲ್ಲಿ ಬಲಿಷ್ಠವಾದವುಗಳ ಪಾಲು ಹೆಚ್ಚುತ್ತಿದೆ.

ನಮ್ಮ ಕಡಲಿಗೆ ಇದೇ ಲೆಕ್ಕ ಅನ್ವಯಿಸುತ್ತದೆಯೇ?

ಭೌತಶಾಸ್ತ್ರ ಒಂದೇ, ಅಳತೆ ಬೇರೆ. ಭಾರತೀಯ ಹವಾಮಾನ ಇಲಾಖೆ ಕೆಟಗರಿ ಅಂಕಿ ಬಳಸುವುದಿಲ್ಲ. ಚಂಡಮಾರುತ, ತೀವ್ರ, ಅತಿ ತೀವ್ರ ಎಂದು ಏರುತ್ತಾ ಗಂಟೆಗೆ 222 ಕಿಲೋಮೀಟರ್ ಮುಟ್ಟಿದರೆ ಸೂಪರ್ ಸೈಕ್ಲೋನ್ ಎನ್ನುತ್ತದೆ. ಅಮೆರಿಕದವರು ಒಂದು ನಿಮಿಷದ ಸರಾಸರಿ ಗಾಳಿಯನ್ನು ಹೇಳಿದರೆ ನಮ್ಮವರು ಮೂರು ನಿಮಿಷದ ಸರಾಸರಿ ಹೇಳುತ್ತಾರೆ, ಹಾಗಾಗಿ ಒಂದೇ ಬಿರುಗಾಳಿಗೆ ಇಲ್ಲಿನ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ. ವಾಟ್ಸಾಪಿನಲ್ಲಿ ಎರಡನ್ನೂ ಬೆರೆಸಿ ಹೋಲಿಸುವವರು ಇದನ್ನು ಮರೆಯುತ್ತಾರೆ.

ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಮುಂಗಾರಿನ ಮುಂಚೆ ಮತ್ತು ನಂತರ ಏಳುತ್ತವೆ. ಮುಂಗಾರಿನ ನಡುವೆ ಮೇಲಿನ ಗಾಳಿ, ಕೆಳಗಿನ ಗಾಳಿ ಎದುರುಬದುರಾಗಿ ಬೀಸುವುದರಿಂದ ಸುಳಿ ನಿಲ್ಲುವುದಿಲ್ಲ. ಕರ್ನಾಟಕದ ದಡಕ್ಕೆ ನೇರ ಬಡಿಯುವುದು ಅಪರೂಪ. ಹೆಚ್ಚಿನವು ದೂರದಲ್ಲಿ ಉತ್ತರಕ್ಕೆ ಸಾಗುತ್ತವೆ. ಆದರೂ ಹೆಲೀನ್ ಕಲಿಸಿದ ಪಾಠ ನಮಗೂ ಹೊಸದಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಅಪ್ಪಳಿಸಿದ್ದು ಗುಜರಾತಿಗೆ. ದಾರಿಯಲ್ಲಿ ಉಳ್ಳಾಲ, ಸೋಮೇಶ್ವರ, ಮರವಂತೆಯ ಕಡೆ ಅದು ಎಬ್ಬಿಸಿದ ಅಲೆಗಳು ತೀರವನ್ನು ಕೊರೆದು ಮನೆ, ತೆಂಗು, ರಸ್ತೆಗಳನ್ನು ಕಡಲಿಗೆ ಎಳೆದವು.

ಗಾಳಿ ನಿಂತ ಮೇಲೆ

ಮಿಲ್ಟನ್ ಹೋದ ಮರುದಿನ ಫ್ಲಾರಿಡಾದಲ್ಲಿ 30 ಲಕ್ಷಕ್ಕೂ ಹೆಚ್ಚು ವಿದ್ಯುತ್ ಗ್ರಾಹಕರು ಕತ್ತಲಲ್ಲಿದ್ದರು. ಸಾವುಗಳ ಇನ್ನೊಂದು ಸುತ್ತು ಆಗ ಶುರುವಾಗುತ್ತದೆ. ಜನರೇಟರನ್ನು ಗ್ಯಾರೇಜಿನಲ್ಲಿಟ್ಟು ನಡೆಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಹರಿಯುವ ನೀರು ಅರ್ಧ ಅಡಿಯಿದ್ದರೂ ವಯಸ್ಕರನ್ನು ಬೀಳಿಸಬಲ್ಲದು, ಎರಡು ಅಡಿಯಿದ್ದರೆ ಬಹುತೇಕ ಕಾರುಗಳನ್ನು ತೇಲಿಸಬಲ್ಲದು. ಉಪ್ಪುನೀರಿನಲ್ಲಿ ಮುಳುಗೆದ್ದ ವಿದ್ಯುತ್ ಕಾರಿನ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಅದನ್ನು ಮನೆಯಿಂದ ದೂರ ನಿಲ್ಲಿಸಬೇಕು.

ಕೊನೆಯದು ವಿಮೆ. ಹೊಸದಾಗಿ ಮನೆ ಕೊಂಡವರು ಎಡವುವುದು ಹೆಚ್ಚಾಗಿ ಇಲ್ಲೇ. ಅಮೆರಿಕದಲ್ಲಿ ಸಾಮಾನ್ಯ ಮನೆ ವಿಮೆ ಗಾಳಿಯ ಹಾನಿಗೆ ದುಡ್ಡು ಕೊಡುತ್ತದೆ, ಕೆಳಗಿನಿಂದ ನುಗ್ಗಿದ ನೀರಿಗೆ ಕೊಡುವುದಿಲ್ಲ. ಛಾವಣಿ ಹಾರಿ ಮಳೆ ಸುರಿದರೆ ಒಂದು ಲೆಕ್ಕ, ಕಡಲು ಬಾಗಿಲಿಗೆ ಬಂದರೆ ಬೇರೆ ಲೆಕ್ಕ. ಗಾಳಿಯ ಹಾನಿಯಲ್ಲೂ ಮನೆಯ ವಿಮಾ ಮೌಲ್ಯದ ಶೇ 2, 5 ಅಥವಾ 10ರಷ್ಟನ್ನು ಮೊದಲು ಮನೆಯವರೇ ಭರಿಸಬೇಕೆಂಬ ಷರತ್ತು ಸಾಮಾನ್ಯ. ಪ್ರವಾಹಕ್ಕೆ 1968ರಲ್ಲಿ ಆರಂಭವಾದ ಒಕ್ಕೂಟ ಸರ್ಕಾರದ ಪ್ರತ್ಯೇಕ ವಿಮಾ ಯೋಜನೆಯಿದೆ. ಒಂದು ಮನೆಗೆ ಗರಿಷ್ಠ ಎರಡೂವರೆ ಲಕ್ಷ ಡಾಲರ್, ಒಳಗಿನ ಸಾಮಾನಿಗೆ ಒಂದು ಲಕ್ಷ. ಚಂಡಮಾರುತ ಟಿವಿಯಲ್ಲಿ ಕಂಡ ಮೇಲೆ ಅದನ್ನು ಕೊಂಡರೆ ಉಪಯೋಗವಿಲ್ಲ, ಏಕೆಂದರೆ ಕೊಂಡ ಮೂವತ್ತು ದಿನಗಳ ನಂತರವಷ್ಟೇ ಅದು ಜಾರಿಗೆ ಬರುತ್ತದೆ. ಋತು ಆರಂಭವಾಗುವುದು ಜೂನ್ 1ಕ್ಕೆ. ಹಿಂದಕ್ಕೆ ಎಣಿಸಿದರೆ ಕೊಳ್ಳಬೇಕಾದ ಕೊನೆಯ ದಿನ ಮೇ 2.